ಪೂಜೆಗೆ ಕುಳಿತ ಪುಸ್ತಕ

ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಸಿದ್ದಲಿಂಗ ಗುತ್ತಿಗೆಯ ಫಿಟ್ಟರ್. ಅವನ ಮಗಳು ಉಮಾಶ್ರೀ ಬಿ.ಎಸ್ಸಿ. ಎರಡನೆಯ ವರ್ಷಕ್ಕೆ ಬಂದರೂ ರಸಾಯನಶಾಸ್ತ್ರದ ದಪ್ಪ ಪುಸ್ತಕ ಕೊಂಡಿರಲಿಲ್ಲ. ಅದಕ್ಕೆ ಸಾವಿರದ ಇನ್ನೂರು ರೂಪಾಯಿ. ಕಾಲೇಜಿನ ಗ್ರಂಥಾಲಯದಲ್ಲಿದ್ದ ಒಂದೇ ಪ್ರತಿಯನ್ನು ಮನೆಗೆ ಕೊಡುತ್ತಿರಲಿಲ್ಲ. ಹಾಗಾಗಿ ಗೆಳತಿಯರ ಪುಸ್ತಕ ತಂದು ಪಾಠಗಳನ್ನೇ ನೋಟಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದಳು. ಆದರೂ ಪುಸ್ತಕದಂಗಡಿಯ ಮುಂದೆ ಕಾಲು ತಾನಾಗಿ ನಿಲ್ಲುತ್ತಿತ್ತು. ಸ್ವಂತ ಪುಸ್ತಕದ ಮೊದಲ ಪುಟದಲ್ಲಿ ತನ್ನ ಹೆಸರು ಬರೆಯಬೇಕು, ಬೇಕೆನಿಸಿದ ಸಾಲಿನ ಕೆಳಗೆ ಗೆರೆ ಎಳೆಯಬೇಕು, ಆಸೆ ಅಷ್ಟೇ.

ಮಹಾನವಮಿಯ ಹಿಂದಿನ ಸಂಜೆ ಗೆಳತಿ ಪೂರ್ಣಿಮಾ ತನ್ನ ಪುಸ್ತಕ ಕೊಟ್ಟಳು. "ನಾಡಿದ್ದು ಹತ್ತಕ್ಕ ಬರ್ತೇನಿ. ನಾನೂ ಓದಬೇಕಲ್ಲಲೇ." ಪರೀಕ್ಷೆ ಮುಂದಿನ ವಾರವಿತ್ತು. ಇಳಿಸಿಕೊಳ್ಳಲು ಉಳಿದದ್ದು ಮೂವತ್ತು ಪುಟದ ಒಂದು ಪಾಠ.

ಮರುದಿನ ಉಮಾಶ್ರೀ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವ್ವ ಕಾಶೆವ್ವ ಖಂಡೆ ಪೂಜೆ, ಅಂದರೆ ಆಯುಧಪೂಜೆ, ಮುಗಿಸಿದ್ದಳು. ಗಂಡನ ನಟ್ಟು ಬಿಗಿಯುವ ಪಾನಾ, ಇಕ್ಕಳ, ಮಗಳ ನೋಟಬುಕ್ಕು, ಎಲ್ಲಕ್ಕೂ ಮೇಲೆ ಪೂರ್ಣಿಮಾಳ ಪುಸ್ತಕ. ಅದಕ್ಕೆ ವಿಭೂತಿ, ಕುಂಕುಮ, ಚೆಂಡು ಹೂ. ಪೂಜೆಗಿಟ್ಟದ್ದನ್ನು ದಶಮಿಯ ಬೆಳಗಿನವರೆಗೆ ಯಾರೂ ಮುಟ್ಟುವಂತಿಲ್ಲ.

"ಅದನ್ಯಾಕ ಇಟ್ಟಿ ಅವ್ವಾ?"

"ಯಾಕಂದ್ರ? ಪುಸ್ತಕ ತಗೊಂಡು ನನಗೊಂದ ಮಾತ ಹೇಳಲಿಲ್ಲ ನೋಡು, ಕಳ್ಳಿ. ವರ್ಷಾ ನಿಮ್ಮಪ್ಪನ ಪಾನಾ ಮ್ಯಾಲ ಕುಂದರ್ತಿತ್ತು. ಈ ಸರ್ತಿ ನಿಂದು."

ಕಾಶೆವ್ವನಿಗೆ ಓದು ಬಾರದು. ಮೊದಲ ಪುಟದಲ್ಲಿ ಯಾರ ಹೆಸರಿದೆಯೆಂದು ಅವಳಿಗೆ ಗೊತ್ತಾಗುವ ಹಾಗಿರಲಿಲ್ಲ. ನೆರೆಮನೆಯ ಈರಕ್ಕನನ್ನು ಕರೆದು ತೋರಿಸಿದಳು.

"ಏಟ ದಪ್ಪ ಐತಿ. ತಲಿಗೆ ಇಟಗೊಂಡು ಮಲಗಾಕ ಚಲೋ ಆತು," ಎಂದಳು ಈರಕ್ಕ.

ಕಾಶೆವ್ವ ಬಾಯ್ತುಂಬ ನಕ್ಕಳು. ಅವ್ವ ಹಾಗೆ ನಕ್ಕು ಎಷ್ಟು ದಿನವಾಗಿತ್ತೋ. ಪುಸ್ತಕ ಪೂರ್ಣಿಮಾಳದೆಂದು ಉಮಾಶ್ರೀ ಹೇಳಲಿಲ್ಲ. ದಿನವೆಲ್ಲ ಪೂಜೆಯ ಮುಂದೆಯೇ ಸುಳಿದಾಡಿದಳು, ಮುಟ್ಟಲಿಲ್ಲ. ಸಂಜೆಯ ಹೊತ್ತಿಗೆ ಅದು ತನ್ನದೇ ಎಂದು ಅವಳಿಗೂ ಅನ್ನಿಸತೊಡಗಿತ್ತು.

ದಶಮಿಯ ಬೆಳಿಗ್ಗೆ ಅಪ್ಪ ಪೂಜೆ ಕದಲಿಸಿದ ಕೂಡಲೇ ಬರೆಯಲು ಕುಳಿತಳು. ಹನ್ನೊಂದನೆಯ ಪುಟ ನಡೆದಿರುವಾಗ ಪೂರ್ಣಿಮಾ ಬಂದಳು.

"ಏನಲೇ, ನನ್ನ ಪುಸ್ತಕಕ್ಕ ಆರತಿ ಎತ್ತೀರೇನ?"

ಒಲೆಯ ಮುಂದಿದ್ದ ಕಾಶೆವ್ವ ತಿರುಗಿ ಮಗಳನ್ನು ನೋಡಿದಳು. ಎದ್ದು ಬಂದು, ಸೆರಗಿನಿಂದ ರಟ್ಟಿನ ಮೇಲಿನ ಕುಂಕುಮ ಒರೆಸಿ, ಎರಡೂ ಕೈಯಲ್ಲಿ ಪುಸ್ತಕ ಹಿಡಿದು ಕೊಟ್ಟಳು. "ತಗೋ ಯವ್ವಾ. ಏನೂ ಹರಿದಿಲ್ಲ."

ಉಮಾಶ್ರೀಯ ನೋಟಬುಕ್ಕಿನಲ್ಲಿ ಒಂದು ಸಮೀಕರಣ ಬಾಣದ ಗುರುತಿನವರೆಗೆ ಬಂದು ನಿಂತಿತ್ತು.