ಹೆಸರಲ್ಲೇ ಉಂಟಲ್ಲ

ಕಕ್ಕಿಂಜೆಯ ನಮ್ಮ ಮನೆಗೆ ಕಾಡುಜೇನು ತರುತ್ತಿದ್ದ ಮಲೆಕುಡಿಯ ಬುಡಕಟ್ಟಿನ ಅಜ್ಜ, ಮೊದಲು ನನ್ನ ಅಂಗೈಗೆ ಒಂದು ಹನಿ ಬಿಡುತ್ತಿದ್ದರು. “ರುಚಿ ನೋಡಿ, ಮತ್ತೆ ಮಾತಾಡುವ.” ಕಳೆದ ವರ್ಷದಿಂದ ಗೇಟಿನವರೆಗೆ ಹೋಗಿ, ತಿರುಗಿ ಬಂದು, ಅದೇ ಮಾತು, ಅದೇ ಹನಿ. ಒಮ್ಮೆ ತಮ್ಮ ಮನೆಯ ದಾರಿಯನ್ನೇ ಮರೆತಾಗ ಅವರ ಮಗಳೂ ನಾನೂ ಆಸ್ಪತ್ರೆಗೆ ಕರೆದೊಯ್ದೆವು.

ಡಾಕ್ಟರು ಮುಟ್ಟಿಯೂ ನೋಡಲಿಲ್ಲ. ಜಾತಿ ಕೇಳಿ ನಕ್ಕರು. “ಮಲೆಕುಡಿಯರಾ? ಹೆಸರಲ್ಲೇ ಕುಡಿಯುವುದು ಉಂಟಲ್ಲ! ಅದನ್ನು ಬಿಡಿಸಿ, ಮರೆವು ಹೋಗ್ತದೆ.”

“ಅಪ್ಪ ಜೀವಮಾನದಲ್ಲಿ ಕುಡಿದವರಲ್ಲ ಡಾಕ್ಟ್ರೇ,” ಎಂದಳು ಮಗಳು.

“ಎಲ್ಲರೂ ಹಾಗೇ ಹೇಳುವುದು,” ಎಂದು ಅವರು ಮುಂದಿನವರನ್ನು ಕರೆದರು. ಇದಕ್ಕೆ ಓದಬೇಕಿತ್ತೇ ಅಷ್ಟು ವರ್ಷ?

ವಾಪಸು ಬರುವ ಬಸ್ಸಿನಲ್ಲಿ ಅಜ್ಜ ಮಗಳ ಕೈ ಹಿಡಿದರು. “ನಾನು ತುಂಬಾ ಕುಡೀತಿದ್ದೆನಾ ಮಗಳೇ? ನಿನಗೆ ಹೊಡೆದದ್ದೂ ಉಂಟಾ?”