ಅಪ್ಪನ ಕಷಾಯಕ್ಕೆ ಅರೆದು ಹಾಕಿದ ಮಾತ್ರೆ

ನಫೀಸಕ್ಕ, ಅಪ್ಪನ ಕಷಾಯಕ್ಕೆ ಕೊಲೆಸ್ಟ್ರಾಲ್ ಮಾತ್ರೆ ಅರೆದು ಹಾಕುತ್ತಿದ್ದವಳು ನಾನು. ಅದು ಗೊತ್ತಿದ್ದದ್ದು ನನಗೊಬ್ಬಳಿಗೇ. ನಿಮ್ಮ ಯಜಮಾನರಿಗೆ, ಉಮ್ಮರಾಕನಿಗೆ, ಅದನ್ನು ಹೇಳಬೇಕಿತ್ತು — ಹೇಳಲಿಲ್ಲ. ಐದು ವರ್ಷವಾಯಿತು.

ನರಿಕೊಂಬಿನಲ್ಲಿ ಅಪ್ಪನ ನಾಟಿ ಮದ್ದಿಗೆ ಇರುವ ಹೆಸರು ನಿಮಗೆ ಗೊತ್ತೇ ಇದೆ. ಅಂಥ ಅಪ್ಪನಿಗೇ ಹೃದಯದ ರಕ್ತನಾಳದಲ್ಲಿ ಕೊಬ್ಬು ಕಟ್ಟಿದೆ ಎಂದು ಮೂಡಬಿದ್ರೆಯ ಡಾಕ್ಟರು ಹೇಳಿದರು. ದಿನಾ ಮಾತ್ರೆ ತೆಗೆದುಕೊಳ್ಳಲೇಬೇಕು ಎಂದು ಬರೆದುಕೊಟ್ಟರು. ಅಪ್ಪ ಆ ಚೀಟಿಯನ್ನು ನನ್ನ ಕೈಗೆ ತುರುಕಿ, "ಊರಿಗೆಲ್ಲ ಮದ್ದು ಕೊಡುವವ ನಾನು ಇಂಗ್ಲಿಷ್ ಮದ್ದು ತಿಂದ್ರೆ ಜನ ನಗಾಡ್ತಾರೆ" ಎಂದರು. ಹೊಳೆಬದಿಯ ಮತ್ತಿ ಮರದ ತೊಗಟೆ ಕೆತ್ತಿ ತಂದು, ಮೆಂತೆ ಸೇರಿಸಿ ಪುಡಿ ಮಾಡಿಕೊಂಡರು.

ಸಂಜೆ ಆ ಪುಡಿಯನ್ನು ಬೆಳ್ಳುಳ್ಳಿ ಹಾಕಿ ಕುದಿಸುವುದು ನನ್ನ ಕೆಲಸ. ಬಂಟ್ವಾಳ ಪೇಟೆಯ ಮೆಡಿಕಲ್ ಶಾಪಿನಲ್ಲಿ ದಿನವಿಡೀ ಮಾತ್ರೆ ಕೊಡುವವಳು ನಾನು — ಮನೆಯಲ್ಲಿ ಅಪ್ಪ ಮಾತ್ರೆ ಇಲ್ಲದೆ ಸಾಯುವುದನ್ನು ನೋಡುತ್ತಾ ಕೂರುವುದೇ? ಡಾಕ್ಟರು ಬರೆದ ಮಾತ್ರೆಯನ್ನೇ ಅರೆದು ಲೋಟಕ್ಕೆ ಹಾಕಿದೆ. ಕಹಿಯಲ್ಲಿ ಕಹಿ, ಅಪ್ಪನಿಗೆ ತಿಳಿಯಲಿಲ್ಲ. ಎಷ್ಟು ಜಾಣೆ ನಾನು ಎಂದು ಒಳಗೊಳಗೇ ಬೀಗಿದ್ದೆ. ಈಗ ಆ ಜಾಣತನ ನೆನೆದರೆ ಮೈ ಉರಿಯುತ್ತದೆ.

ಮುಂದಿನ ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ಇಳಿದಿತ್ತು. ಅಪ್ಪ ಆ ಕಾಗದವನ್ನು ಸಿಕ್ಕಿದವರಿಗೆಲ್ಲ ತೋರಿಸಿದರು. ತೊಗಟೆಯಲ್ಲಿ ಗುಣವೇ ಇಲ್ಲವೆಂದು ನಾನು ಹೇಳುವುದಿಲ್ಲ, ಇರಲೂಬಹುದು. ಆದರೆ ಆ ರಿಪೋರ್ಟು ತೊಗಟೆಯದ್ದಲ್ಲ.

ಹಾಗೆ ನೋಡಿದವರಲ್ಲಿ ಉಮ್ಮರಾಕನೂ ಒಬ್ಬರು. ಅವರು ನಮ್ಮ ಅಂಗಡಿಯಿಂದಲೇ ತಿಂಗಳು ತಿಂಗಳು ಹೃದಯದ ಮಾತ್ರೆ ಒಯ್ಯುತ್ತಿದ್ದವರು. ಅಂದು ನಮ್ಮ ಜಗಲಿಯಲ್ಲಿ ಅಪ್ಪ ಅವರಿಗೆ ಪುಡಿ ಕಟ್ಟಿಕೊಡುತ್ತಾ, "ಒಂದು ಹೊಟ್ಟೆಗೆ ಎರಡು ಮದ್ದು ಆಗುವುದಿಲ್ಲ ಉಮ್ಮರೆ, ಮಾತ್ರೆ ಬಿಡಬೇಕು. ಮೀನು ಮುಟ್ಟಬಾರದು, ಪಥ್ಯ ಉಂಟು" ಎಂದರು. ಉಮ್ಮರಾಕ ನನ್ನ ಕಡೆ ತಿರುಗಿದರು.

"ನೀನು ಮೆಡಿಕಲಿನವಳಲ್ವಾ, ನೀನೇ ಹೇಳು. ಬಿಡಬಹುದಾ?"

ಅಪ್ಪ ನನ್ನನ್ನೇ ನೋಡುತ್ತಿದ್ದರು, ಮುಖ ತುಂಬಾ ಹೆಮ್ಮೆ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ, ಕೇಳಿದರೆ — ನಾನು ಹೇಳಿದ್ದು ಇಷ್ಟೇ: "ಅಪ್ಪನದ್ದು ಕಮ್ಮಿಯಾದದ್ದು ನಿಜ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಸುಳ್ಳು ಹೇಳಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮುಂದಿನ ತಿಂಗಳು ಉಮ್ಮರಾಕ ಮಾತ್ರೆಗೆ ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ಕೌಂಟರಿನಲ್ಲಿ ನಿಂತು ನಾನು ಅದನ್ನು ಗಮನಿಸಿದ್ದೆ ನಫೀಸಕ್ಕ. ಒಂದು ಫೋನು ಮಾಡಬಹುದಿತ್ತು.

ಎದೆನೋವು ಬಂದು ಆಸ್ಪತ್ರೆಗೆ ಮುಟ್ಟುವ ಮೊದಲೇ ಅವರು ಹೋಗಿಬಿಟ್ಟರು. ಅಪ್ಪ ಅತ್ತರು, ನಿಜವಾಗಿ ಅತ್ತರು. ಆಮೇಲೆ ನಾಟಿ ಮದ್ದಿನವರೆಲ್ಲ ಹೇಳುವ ಮಾತನ್ನೇ ಹೇಳಿದರು — "ಪಥ್ಯ ತಪ್ಪಿರಬೇಕು."

ಆ ಮಾತು ನಿಮ್ಮ ಕಿವಿಗೂ ಬಿತ್ತು. ನೋಡಲು ಬಂದ ನನ್ನ ಕೈ ಹಿಡಿದು ನೀವು ಕೇಳಿದಿರಿ: "ಒಂದು ದಿನ ಬಂಗುಡೆ ಸಾರು ಬೇಕು ಅಂತ ಆಸೆಪಟ್ರು. ಪಥ್ಯ ಉಂಟು ಅಂತ ಗೊತ್ತಿದ್ದೂ ಮಾಡಿಕೊಟ್ಟೆ. ನನ್ನಿಂದಲೇ ಅವರು ಹೋದದ್ದು ಅಲ್ವಾ?"

ಹಾಗೆಲ್ಲ ಹೇಳಬೇಡಿ ಎಂದೆ. ನೀವು ಕೊಟ್ಟ ಚಾ ಕುಡಿದು ಎದ್ದು ಬಂದೆ. ಉಮ್ಮರಾಕನ ವಿಷಯದಲ್ಲಿ ಹೆದರಿ ಬಾಯಿ ಮುಚ್ಚಿದ್ದೆ. ನಿಮ್ಮ ವಿಷಯದಲ್ಲಿ — ಅದು ಹೆದರಿಕೆಯೂ ಅಲ್ಲ. ತಪ್ಪು ನಿಮ್ಮ ತಲೆಯ ಮೇಲೆ ಇದ್ದದ್ದು ನನಗೆ ಅನುಕೂಲವಾಗಿತ್ತು.

ನೀವು ಈಗಲೂ ಮೀನು ಬೇಯಿಸುವುದಿಲ್ಲವೆಂದು ಕಳೆದ ವಾರ ನಿಮ್ಮ ಸೊಸೆ ಅಂಗಡಿಯಲ್ಲಿ ಹೇಳಿದಳು. ಅಂದೇ ಮನೆಗೆ ಹೋಗಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಪುಡಿಯ ಭರಣಿಯನ್ನು ತೋಡಿನ ನೀರಿಗೆ ಸುರಿದು ಬಂದರು. ನನ್ನೊಡನೆ ಮಾತು ಬಿಟ್ಟಿದ್ದಾರೆ, ಬಿಡಲಿ.

ನಾಳೆ ಬೆಳಿಗ್ಗೆ ನಿಮ್ಮಲ್ಲಿಗೆ ಬರುತ್ತೇನೆ. ಕ್ಷಮೆ ಕೇಳುವುದಿಲ್ಲ. ಬಾಗಿಲು ತೆರೆಯದಿದ್ದರೆ ಅಂಗಳದಲ್ಲೇ ನಿಂತು, ಅಕ್ಕಪಕ್ಕದವರಿಗೂ ಕೇಳುವ ಹಾಗೆ ಹೇಳುತ್ತೇನೆ: ಅವರು ಹೋದದ್ದು ನಿಮ್ಮ ಸಾರಿನಿಂದ ಅಲ್ಲ.