ಲೀಲಾವತಿ ಕೇಳಿಸಿಕೊಂಡ ಕರೆ

1994ರಲ್ಲಿ ನಾನು ಕಡಕೊಳದ ಒಂದು ಕಾರ್ಖಾನೆಯಲ್ಲಿ ಹಿರಿಯ ಟೆಲಿಫೋನ್ ಆಪರೇಟರ್ ಆಗಿದ್ದೆ. ಹೊರಗೆ ಹೋಗುವ, ಒಳಗೆ ಬರುವ ಕರೆಗಳನ್ನೆಲ್ಲ ನಮ್ಮ ಬೋರ್ಡಿನಲ್ಲೇ ಜೋಡಿಸಬೇಕಿತ್ತು. ಜೋಡಿಸಿದ ಮೇಲೆ ಕೀ ಬಿಡಬೇಕು. ಬಿಡದಿದ್ದರೆ ಇಬ್ಬರ ಮಾತೂ ನಮ್ಮ ಕಿವಿಗೆ ಬೀಳುತ್ತದೆ. ಹೊಸಬರಿಗೆ ಈ ನಿಯಮ ಕಲಿಸುತ್ತಿದ್ದವಳು ನಾನೇ.

ಪಕ್ಕದ ಕುರ್ಚಿಯ ಲೀಲಾವತಿ ನನಗಿಂತ ಎಂಟು ವರ್ಷ ಚಿಕ್ಕವಳು, ಮಿತಭಾಷಿ. ಆ ಜೂನ್‌ನಲ್ಲಿ ಅವಳು ಊಟದ ವೇಳೆ ಸ್ಟೋರ್ಸಿನ ಫೋನಿನಿಂದ ಹೊರಗೆ ಯಾರೊಡನೆಯೋ ಮಾತಾಡತೊಡಗಿದಳು. ಒಂದು ದಿನ ನಾನು ಕೀ ಬಿಡಲಿಲ್ಲ. ಆ ಕಡೆ ಇದ್ದವರು ವಕೀಲರು. ಗಂಡ ಹೊಡೆಯುತ್ತಾನೆ, ವಿಚ್ಛೇದನ ಬೇಕು ಎಂದು ಅವಳು ಹೇಳುತ್ತಿದ್ದಳು. ಅದನ್ನು ಕ್ಯಾಂಟೀನಿನಲ್ಲಿ ಇಬ್ಬರಿಗೆ ಹೇಳಿದೆ. ಮರುಕದಿಂದ ಹೇಳಿದೆನೆಂದು ಆಗ ನಂಬಿಕೊಂಡಿದ್ದೆ. ವಾರದೊಳಗೆ ಸುದ್ದಿ ಗಂಡನಿಗೆ ಮುಟ್ಟಿತು. ಅವಳು ಒಡೆದ ತುಟಿಯಲ್ಲೇ ಕೆಲಸಕ್ಕೆ ಬಂದಳು. ಅಂದೇ ಮಗಳನ್ನು ಕರೆದುಕೊಂಡು ತವರು ಸೇರಿದಳು.

ಕ್ಷಮೆ ಕೇಳಿದೆ. ಅವಳು ಬೋರ್ಡಿನತ್ತ ತಿರುಗಿದಳು. ಐದು ತಿಂಗಳು ನಮ್ಮ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ.

ನವೆಂಬರ್‌ನ ಒಂದು ಬೆಳಿಗ್ಗೆ ನಾನು ಆಫೀಸಿಗೆ ಕಾಗದ ಕೊಡಲು ಹೋಗಿದ್ದಾಗ ನನ್ನ ತಮ್ಮನ ಕರೆ ಅವಳಿಗೆ ಸಿಕ್ಕಿತು. ಕೃಷ್ಣಮೂರ್ತಿಪುರಂನ ನಮ್ಮ ಮನೆಯಲ್ಲಿ, ಒಲ್ಲದ ಮದುವೆ ಗೊತ್ತಾಗಿದ್ದ ತಂಗಿ ವಿಷ ಕುಡಿದಿದ್ದಳು. ಲೀಲಾವತಿ ನನ್ನನ್ನು ಮೆಟ್ಟಿಲ ಬಳಿ ತಡೆದು, ತಗ್ಗಿದ ದನಿಯಲ್ಲಿ ವಿಷಯ ತಿಳಿಸಿದಳು.

“ದೊಡ್ಡಾಸ್ಪತ್ರೇಲಿದಾಳೆ, ಉಸಿರಾಡ್ತಿದಾಳೆ. ಸೂಪರ್‌ವೈಸರ್ ಹತ್ರ ನಿಮ್ಮಮ್ಮ ಜಾರಿಬಿದ್ರು ಅಂತ ಹೇಳಿದೀನಿ. ನೀವೂ ಅಷ್ಟೇ ಹೇಳಿ.”

ತಂಗಿ ಉಳಿದಳು, ಮದುವೆ ಮುರಿಯಿತು. ಹನ್ನೊಂದು ದಿನಗಳ ನಂತರ ಕೆಲಸಕ್ಕೆ ಹೋದಾಗ ಎಲ್ಲರೂ ವಿಚಾರಿಸಿದ್ದು ಅಮ್ಮನ ಕಾಲನ್ನು. ನನಗೆ ತಡೆಯಲಾಗಲಿಲ್ಲ, ಅಳುತ್ತ ಲೀಲಾವತಿಯಲ್ಲಿ ಮತ್ತೆ ಕ್ಷಮೆ ಕೇಳಿದೆ.

“ಅದು ನಿಮಗೋಸ್ಕರ ಮಾಡಿದ್ದಲ್ಲ ಕಣ್ರೀ, ಆ ಹುಡುಗಿಗೋಸ್ಕರ,” ಎಂದಳು. “ನೀವು ಮಾಡಿದ್ದು ಇನ್ನೂ ನೋಯುತ್ತೆ. ಇಲ್ಲ ಅಂದ್ರೆ ಸುಳ್ಳಾಗುತ್ತೆ.”

ನಾನು ಮತ್ತೆ ಕೇಳಲಿಲ್ಲ. ಜೊತೆಗೆ ಕೂತು ಕೆಲಸ ಮಾಡಿದೆವು, ಅಷ್ಟೆ.

1996ರ ಬೇಸಿಗೆಯಲ್ಲಿ, ಲೀಲಾವತಿಯ ವಿಚ್ಛೇದನದ ಮೊಕದ್ದಮೆಯಲ್ಲಿ ಮಗಳು ಯಾರ ಬಳಿ ಇರಬೇಕೆಂಬ ತೀರ್ಪಿನ ದಿನ ಬಂತು. ಫಲಿತಾಂಶವನ್ನು ವಕೀಲರು ಫೋನ್ ಮಾಡಿ ತಿಳಿಸುವವರಿದ್ದರು. ಹನ್ನೆರಡರ ಹೊತ್ತಿಗೆ ಬೋರ್ಡಿನ ಗಂಟೆ ಹೊಡೆದುಕೊಂಡಿತು. ಲೀಲಾವತಿ ಹೆಡ್‌ಸೆಟ್ ತೆಗೆದು ನನ್ನ ಕೈಗಿಟ್ಟಳು.

“ನಂಗೆ ಕೇಳೋ ಧೈರ್ಯ ಇಲ್ಲ. ನೀವೇ ಕೇಳಿ ಹೇಳ್ಬುಡಿ ರತ್ನಕ್ಕ.”

ಕೇಳಿದೆ. ಮಗು ಅವಳಿಗೇ ಎಂದು ತೀರ್ಪಾಗಿತ್ತು. ಹೇಳಿದಾಗ ಅವಳು ನನ್ನ ಭುಜಕ್ಕೆ ಹಣೆಯಿಟ್ಟು ಅತ್ತಳು.

ಕ್ಷಮೆ ಕೇಳುವುದಷ್ಟೇ ತಪ್ಪು ಮಾಡಿದವರ ಪಾಲಿನದು. ಕ್ಷಮಿಸುವುದಕ್ಕೆ ಗಡುವು ಹಾಕುವ ಹಕ್ಕು ಅವರಿಗಿಲ್ಲ. ಇದನ್ನು ನಾನು ಆ ಕುರ್ಚಿಯಲ್ಲಿ ಕಾದು ಕಲಿತೆ.